ದೊರೆಸಾನಿ ತಪ್ಪಿಸಿಕೊಂಡ ಭಾನುವಾರ

ಬಡಗಿಯ ಮಗಳು ಮೆಟ್ಟಿಲು ಹತ್ತಿ ಬಂದಾಗ ನೂಲಮ್ಮನ ಚಹಾ ಮೇಜು ಎಂದಿನಂತೆ ಕುಂಟುತ್ತಿತ್ತು. ಅದರ ಒಂದು ಕಾಲು ಗಿಡ್ಡ. ಹದಿನಾಲ್ಕು ವರ್ಷಗಳಿಂದ ದಿನಾ ಬೆಳಿಗ್ಗೆ ಹತ್ತಕ್ಕೆ ಫೋಟೋದಣ್ಣ ಕೆಳಗಿನ ತನ್ನ ಸ್ಟುಡಿಯೋದ ಬಾಗಿಲನ್ನು ಅರ್ಧ ಎಳೆದು ಮೇಲೆ ಬರುತ್ತಿದ್ದ. ಮೇಜು ಅಲುಗುತ್ತಿತ್ತು, ಚಹಾ ತಟ್ಟೆಗೆ ಚೆಲ್ಲುತ್ತಿತ್ತು, ಇದನ್ನೊಮ್ಮೆ ಸರಿಮಾಡಿಸಬೇಕು ಎಂದು ಇಬ್ಬರೂ ಹೇಳಿ ಸುಮ್ಮನಾಗುತ್ತಿದ್ದರು.

ನೂಲಮ್ಮ ಮೂವತ್ತು ವರ್ಷ ನೂಲಿನ ಗಿರಣಿಯಲ್ಲಿ ದೋಷ ಹುಡುಕುವ ಕೆಲಸ ಮಾಡಿದವಳು. ಬಟ್ಟೆಯ ಥಾನು ಬಿಚ್ಚಿ ಎಲ್ಲಿ ಎಳೆ ತಪ್ಪಿದೆ, ಯಾವ ಮಗ್ಗದವನ ಕೈಯಲ್ಲಿ ತಪ್ಪಿದೆ ಎಂದು ಹೇಳಿಬಿಡುತ್ತಿದ್ದಳು. ನಿವೃತ್ತಿಯಾದ ಮೇಲೆ ಊರಿನವರು ಬೇರೆ ಬಗೆಯ ದೋಷಗಳನ್ನು ಅವಳ ಬಳಿಗೆ ತಂದರು. ಕಳೆದ ಒಡವೆ, ಸುಳ್ಳು ಸಹಿ, ಬಾವಿಗೆ ಬಿದ್ದ ಬೀಗದಕೈ. ಪೊಲೀಸ್ ಠಾಣೆಯ ದೊಡ್ಡ ಸಾಹೇಬರೇ ಒಂದೆರಡು ಸಲ ಆ ಮೆಟ್ಟಿಲು ಹತ್ತಿದ್ದುಂಟು. ಅಂಥ ಎಲ್ಲ ಸಂದರ್ಭದಲ್ಲೂ ಫೋಟೋದಣ್ಣ ಕ್ಯಾಮೆರಾ ಹೆಗಲಿಗೇರಿಸಿಕೊಂಡು ಅವಳ ಹಿಂದೆ ಇರುತ್ತಿದ್ದ, ಹೆಚ್ಚಿನ ಪಾಲು ಏನೂ ಅರ್ಥವಾಗದೆ.

ಆ ದಿನ ಅವನ ಕೋಟಿನ ಒಳಜೇಬಿನಲ್ಲಿ ಒಂದು ಕಾಗದವಿತ್ತು. ಎಂಟು ದಿನದ ಹಿಂದೆ ನೂಲಮ್ಮ ಅಂಚೆಗೆ ಹಾಕಲು ಕೊಟ್ಟದ್ದು. "ತಂಗಿ ಮನೆಯ ಮಹಡಿ ಕೋಣೆ ಖಾಲಿ ಇದೆಯಂತೆ, ಬಂದು ಇಲ್ಲೇ ಇರು ಅಂತಾಳೆ. ಬರ್ತೀನಿ ಅಂತ ಬರೆದಿದ್ದೀನಿ," ಎಂದಿದ್ದಳು. ಮರುದಿನ "ಹಾಕಿದಿರಾ?" ಎಂದು ಕೇಳಿದಾಗ ಅವನು ಹೂಂಗುಟ್ಟಿದ್ದ. ಎಂಟು ದಿನವೂ ಅಂಚೆ ಡಬ್ಬಿಯ ಮುಂದೆ ಹಾದುಹೋಗಿದ್ದ. ಅವಳಿಲ್ಲದ ಬೆಳಗಿನ ಹತ್ತು ಗಂಟೆ ಹೇಗಿರುತ್ತದೆ ಎಂದು ಯೋಚಿಸಲು ಹೋಗಿ ಪ್ರತಿ ಸಲವೂ ಅರ್ಧಕ್ಕೇ ನಿಲ್ಲಿಸಿದ್ದ.

"ನಮ್ಮಪ್ಪನಿಗೆ ಯಾರೋ ಏನೋ ಮಾಡಿದ್ದಾರೆ," ಎಂದಳು ಬಡಗಿಯ ಮಗಳು, ಕೂರುವ ಮೊದಲೇ. "ಮೂರು ದಿನದಿಂದ ಗೋಡೆ ಕಡೆ ಮುಖ ಮಾಡಿ ಮಲಗಿದ್ದಾರೆ. ಸುದ್ದಿ ಕೇಳಿ ನಾನು ಬಸ್ಸು ಹತ್ತಿ ಬಂದೆ."

ದೊರೆಸಾನಿಯ ವಿಷಯ ಊರಿಗೆಲ್ಲ ಗೊತ್ತಿತ್ತು. ಕೆರೆಯ ಮೂಲೆಯಲ್ಲಿ, ಕಳೆ ಚಾಪೆಯಂತೆ ಹಾಸಿಕೊಂಡಿರುವ ಕಡೆ, ಬಾಸ್ ಎಂಬ ಜಾತಿಯ ಒಂದು ಭಾರೀ ಮೀನಿತ್ತು; ಅದೇ ದೊರೆಸಾನಿ. ಬಡಗಿ ಹದಿನೈದು ವರ್ಷದಿಂದ ಪ್ರತಿ ಭಾನುವಾರ ಬೆಳಿಗ್ಗೆ ಅದರ ಬೆನ್ನು ಹತ್ತಿದ್ದ. ಗಾಳದ ದಾರಕ್ಕೆ ಕಟ್ಟಿದ, ಕೊಕ್ಕೆಯುಳ್ಳ, ನೀರಿನ ಮೇಲೆ ತೇಲುವ ರಬ್ಬರ್ ಕಪ್ಪೆಯನ್ನು ಕಳೆಯ ಮೇಲೆ ಕುಪ್ಪಳಿಸುತ್ತ ತರುವುದು, ಮೀನು ಕೆಳಗಿನಿಂದ ನುಗ್ಗಿ ಬಾಯಿ ಹಾಕುವುದನ್ನು ಕಾಯುವುದು, ಅದೇ ಅವನ ವಾರದ ಬಾಳು. ಜೊತೆಗೆ ದೋಣಿಗೆ ಹುಟ್ಟು ಹಾಕಲು ಅವನ ಗೆಳೆಯ, ಸುಟ್ಟ ಮೋಟಾರುಗಳಿಗೆ ತಂತಿ ಸುತ್ತಿಕೊಡುವ ಮೋಟಾರ್ ಮಾಮ.

"ದೊರೆಸಾನೀನ ಒಂದು ಸಲ ಕೈಯಲ್ಲಿ ಹಿಡಿದು ನೀರಿಗೇ ಬಿಟ್ಟುಬಿಡ್ತೀನಿ, ಮಾರನೇ ದಿನ ಮನೆಗೆ ಬೀಗ ಹಾಕಿ ನಿನ್ನ ಜೊತೆ ಬಂದು ಇರ್ತೀನಿ ಅಂತ ಅಪ್ಪ ಎಲ್ಲರ ಮುಂದೆ ಹೇಳಿದ್ರು," ಎಂದಳು ಮಗಳು. "ಈ ಭಾನುವಾರ ಅದು ಕಚ್ಚಿತು. ಅಪ್ಪ ಗಾಳದ ಕೋಲು ಎತ್ತಿದ್ರು. ದಾರ ಸುತ್ತೋ ರೀಲು ತಿರುಗಿಸಿದ್ರೆ ದಾರ ಒಳಗೆ ಬರಲೇ ಇಲ್ಲವಂತೆ, ಹೊರಗೆ ಹೋಗ್ತಾನೇ ಇತ್ತಂತೆ. ಮೀನು ಕಳೆಯೊಳಗೆ ನುಗ್ಗಿ ಕೊಕ್ಕೆ ಉಗುಳಿ ಹೋಯ್ತು."

"ದಾರ ಕಿತ್ತು ಹೋಯ್ತಾ?" ಎಂದಳು ನೂಲಮ್ಮ.

"ಇಲ್ಲ. ಗಂಟೂ ಬಿಚ್ಚಿಲ್ಲ. ಕಪ್ಪೆ ಹಾಗೇ ವಾಪಸ್ ಬಂತು. ಉರುಳೆ ತಾನಾಗಿ ತಿರುಗದ ಹಾಗೆ ತಡೆಯೋ ರೀಲಿನ ಬಿಗಿ ತಿರುಪು ಪೂರ್ತಿ ಬಿಗಿಯಾಗೇ ಇತ್ತು. ಅದಕ್ಕೇ ಅಪ್ಪ ತಪ್ಪು ನನ್ನ ಕೈಯದು ಅಂತಾರೆ. ಕೈ ಸೋತಿದೆ, ಇನ್ನು ಈ ಕೈ ಯಾಕೆ ಅಂತ ಉಳಿ, ಗರಗಸ ಎಲ್ಲ ಗಂಟು ಕಟ್ಟಿಟ್ಟಿದ್ದಾರೆ. ಹೋದ ತಿಂಗಳು ಒಂದು ಮೊಳೆಯೂ ಇಲ್ಲದೆ ನನಗೊಂದು ಬೀರು ಮಾಡಿಕೊಟ್ಟ ಕೈ ಅದು." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಅಪ್ಪನ್ನ ಕರ್ಕೊಂಡು ಹೋಗ್ಬೇಕು ಅಂತ ಆಸೆ ಇದೆ. ಆದ್ರೆ ಹೀಗೆ ಸೋತು ಬಿದ್ದವರನ್ನ ಎತ್ಕೊಂಡು ಹೋಗೋಕೆ ನನ್ನ ಕೈಲಿ ಆಗಲ್ಲ."

ನೂಲಮ್ಮ ಕನ್ನಡಕ ಸರಿಮಾಡಿಕೊಂಡಳು. "ಆ ರೀಲು ನನಗೆ ಬೇಕು. ಯಾರೂ ಮುಟ್ಟಿಲ್ಲ ತಾನೇ?"

"ಅಪ್ಪ ಅದನ್ನ ನೋಡೋಕೂ ಒಲ್ಲೆ ಅಂತಾರೆ. ತಂದಿದ್ದೀನಿ," ಎಂದು ಮಗಳು ಚೀಲದಿಂದ ತೆಗೆದಿಟ್ಟಳು. ಮೇಜು ವಾಲಿ ಚಹಾ ಚೆಲ್ಲಿತು.

ಅದು ಹಳೆಯ ಕಾಲದ ದುಂಡು ರೀಲು. ದಾರವನ್ನು ತಾನಾಗಿ ಅತ್ತಿತ್ತ ಸರಿಸುವ ಪಟ್ಟಿ ಅದಕ್ಕಿರಲಿಲ್ಲ, ಬೆರಳಿನಿಂದಲೇ ಸರಿಸಬೇಕು. ಅದರ ಉರುಳೆಯ ಮೇಲೆ ಕಡು ಹಸಿರು ದಾರ. ನೂಲಮ್ಮ ಒಂದು ಗೇಣು ಬಿಚ್ಚಿ ಬೆಳಕಿಗೆ ಹಿಡಿದಳು. "ಎಂಟು ಎಳೆ ಹೆಣೆದದ್ದು. ನಮ್ಮ ಗಿರಣಿಯಲ್ಲಿ ಇಂಥದು ಕಂಡಿದ್ರೆ ಮುತ್ತಿಡ್ತಿದ್ದೆ," ಎಂದಳು. ಮಗಳು ಹೇಳಿದ ಪ್ರಕಾರ ಮೊನ್ನೆ ಶನಿವಾರ ಮಧ್ಯಾಹ್ನ ಗಾಳದಂಗಡಿಯ ಅಕ್ಕ ಹೊಸ ದಾರ ಸುತ್ತಿ ಕೊಟ್ಟಿದ್ದಳು. ಅದಾದ ಮೇಲೆ ಭಾನುವಾರ ಬೆಳಗಿನವರೆಗೆ ರೀಲು ಕೋಲಿನ ಸಮೇತ ಕೆರೆದಂಡೆಯ ದೋಣಿಮನೆಯಲ್ಲಿತ್ತು. ದೋಣಿಮನೆಗೆ ಮೂರು ಕೀಲಿ. ಒಂದು ಅಂಗಡಿ ಅಕ್ಕನ ಬಳಿ, ಒಂದು ಮೋಟಾರ್ ಮಾಮನ ಬಳಿ, ಇನ್ನೊಂದು ಮೀನುಗಾರರ ಸಂಘದ ಕಾರ್ಯದರ್ಶಿ ಮೇಷ್ಟ್ರ ಬಳಿ. ಮೇಷ್ಟ್ರು ಒಂಬತ್ತು ವರ್ಷದಿಂದ ದೊರೆಸಾನಿ ತನ್ನದೇ ಎಂದು ಹೇಳಿಕೊಂಡು ತಿರುಗುತ್ತಿದ್ದವರು.

ಫೋಟೋದಣ್ಣನಿಗೆ ಅಲ್ಲಿಗೇ ಎಲ್ಲ ಸ್ಪಷ್ಟವಾಯಿತು. "ಇದು ಮೇಷ್ಟ್ರದ್ದೇ ಕೆಲಸ," ಎಂದ, ಮೆಟ್ಟಿಲಿಳಿಯುತ್ತ.

"ನಿಮ್ಮ ಸ್ಟುಡಿಯೋಗೆ ನಡೀರಿ," ಎಂದಳು ನೂಲಮ್ಮ. "ಶನಿವಾರ ಸಂಘದ ವಾರ್ಷಿಕೋತ್ಸವ ಅಂತ ಎಲ್ಲರ ಫೋಟೋ ತೆಗೆದ್ರಲ್ಲ, ಅದನ್ನ ತೋರಿಸಿ."

ಫೋಟೋದಲ್ಲಿ ಬಡಗಿ ಅಂಗಡಿ ಅಕ್ಕನ ಕೈಯಿಂದ ರೀಲು ತೆಗೆದುಕೊಳ್ಳುತ್ತಿದ್ದ. ಮುಖದಲ್ಲಿ ಮದುಮಗನ ಕಳೆಯಿತ್ತು. ನೂಲಮ್ಮ ಮುಖ ನೋಡಲಿಲ್ಲ, ಭೂತಗನ್ನಡಿಯಲ್ಲಿ ರೀಲು ನೋಡಿದಳು. ಫೋಟೋದಲ್ಲಿ ದಾರ ಉರುಳೆಯ ಅಂಚಿನವರೆಗೂ ತುಂಬಿತ್ತು. ಮುಂದಿಟ್ಟಿದ್ದ ರೀಲಿನಲ್ಲಿ ಅದು ಅಂಚಿಗಿಂತ ಅರ್ಧ ಬೆರಳು ಕೆಳಗಿತ್ತು.

"ದಾರ ಕಿತ್ತಿಲ್ಲ, ಕಪ್ಪೆ ವಾಪಸ್ ಬಂದಿದೆ. ಮತ್ತೆ ಅರ್ಧ ಬೆರಳು ದಾರ ಎಲ್ಲಿಗೆ ಹೋಯ್ತು?" ಎಂದಳು.

ಗಾಳದಂಗಡಿ ಉದ್ದನೆಯ ಇಕ್ಕಟ್ಟಾದ ಕೋಣೆ. ಗೋಡೆಯುದ್ದಕ್ಕೂ ಕೋಲುಗಳು, ಗಾಜಿನ ಪೆಟ್ಟಿಗೆಯಲ್ಲಿ ಬಣ್ಣಬಣ್ಣದ ಕಪ್ಪೆಗಳು. ಅಕ್ಕ ಅಳುಕಿನಿಂದಲೇ ಬರಮಾಡಿಕೊಂಡಳು. ನಾಲ್ಕು ಜನ ಆಗಲೇ ಅವಳ ದಾರದ ಮೇಲೆ ಗುಮಾನಿ ಪಟ್ಟಿದ್ದರು.

"ಅದಕ್ಕಿಂತ ಒಳ್ಳೇ ದಾರ ಆ ಕಳೆಗೆ ಇಲ್ಲಮ್ಮ," ಎಂದಳು. "ನೈಲಾನ್ ಹಿಗ್ಗುತ್ತೆ. ಮೀನು ಕಚ್ಚಿದಾಗ ನೀವು ಕೋಲು ಎತ್ತಿದ್ರೆ ದಾರ ಉದ್ದ ಆಗುತ್ತೆ, ಅಷ್ಟರಲ್ಲಿ ಮೀನು ಕಳೆಯ ಬುಡದಲ್ಲಿ ಕೂತಿರುತ್ತೆ. ಈ ಗಾಜಿನಂಥ ಇನ್ನೊಂದು ದಾರ ನೋಡಿ, ಕಣ್ಣಿಗೆ ಕಾಣಲ್ಲ, ಆದ್ರೆ ಮುಳುಗುತ್ತೆ. ತೇಲೋ ಕಪ್ಪೆಯ ಮೂಗು ಹಿಡಿದು ನೀರೊಳಕ್ಕೆ ಎಳೆಯುತ್ತೆ. ಹೆಣೆದ ದಾರ ತೇಲುತ್ತೆ, ಹಿಗ್ಗಲ್ಲ, ಎಳೆದ್ರೆ ಕಳೆಯ ದಂಟು ಕೊಯ್ಕೊಂಡು ಬರುತ್ತೆ."

"ಎಷ್ಟು ದಪ್ಪದ್ದು ಕೊಟ್ಟಿದ್ದು?"

"ಅರವತ್ತೈದು ಪೌಂಡ್ ಭಾರ ತಡೆಯೋದು. ಮೂವತ್ತರದ್ದೂ ಮೀನನ್ನ ತಡೆಯುತ್ತೆ, ಆದ್ರೆ ಸಣ್ಣ ದಾರ ಜೋರಾಗಿ ಎಳೆದಾಗ ತನ್ನ ಸುತ್ತುಗಳ ಒಳಗೇ ಇಳಿದು ಸಿಕ್ಕಿಹಾಕ್ಕೊಳ್ಳುತ್ತೆ. ದಪ್ಪದ್ದನ್ನೂ ನಾವು ಒತ್ತೊತ್ತಾಗಿ ಸುತ್ತಲ್ಲ, ಅಡ್ಡಡ್ಡ ಹಾಯಿಸಿ ಸುತ್ತೋದು." ಅಕ್ಕ ಕೈಯಿಂದ ತಿರುಗಿಸುವ ತನ್ನ ಯಂತ್ರವನ್ನು ತಿರುಗಿಸಿ ತೋರಿಸಿದಳು. ದಾರ ಎಡಕ್ಕೂ ಬಲಕ್ಕೂ ಓರೆಯಾಗಿ ಹರಿದಾಡಿತು.

"ಇಷ್ಟು ಗುಣ ಇರೋದಕ್ಕೆ ಒಂದಾದ್ರೂ ಅವಗುಣ ಇರಬೇಕಲ್ಲ."

"ಇದೆ. ಭಾರೀ ಜಾರು. ಬರೀ ಲೋಹದ ಮೇಲೆ ಸುತ್ತಿದ್ರೆ ಹಿಡಿತ ಸಿಗಲ್ಲ. ಅದಕ್ಕೇ ಮೊದಲು ಕಾಲು ಉರುಳೆ ನೈಲಾನ್ ಸುತ್ತಿ, ಅದಕ್ಕೆ ಗಂಟು ಹಾಕಿ, ಮೇಲೆ ಇದನ್ನ ಸುತ್ತೋದು. ಅವರ ರೀಲಿಗೂ ಹಾಕಿದ್ದೆ. ನನ್ನ ಕೈಯಾರೆ ಹಾಕಿದ್ದೆ."

ಬಾಗಿಲಲ್ಲಿ ಮೇಷ್ಟ್ರು ನಿಂತಿದ್ದರು. ಅವರ ಹೆಗಲ ಮೇಲಿನ ಕೋಲಿನಲ್ಲಿ ದಾರ ಹಕ್ಕಿಗೂಡಿನಂತೆ ಗೋಜಲಾಗಿತ್ತು. "ನನ್ನ ಮೇಲೆ ಅನುಮಾನ ಇದ್ರೆ ನೇರವಾಗಿ ಕೇಳಿ," ಎಂದರು. "ಶನಿವಾರ ಸಂಜೆ ದೋಣಿಮನೆಗೆ ಹೋಗಿದ್ದೆ, ನಿಜ. ಈ ಗೋಜಲು ಬಿಡಿಸೋಕೆ. ಇನ್ನೂ ಬಿಡಿಸ್ತಾನೇ ಇದ್ದೀನಿ."

"ಬಿಡಿಸಿ, ಬಿಡಿಸಿ," ಎಂದು ನೂಲಮ್ಮ ಹೊರಟಳು. ಅಕ್ಕ ನಕ್ಕಳು.

ಮೋಟಾರ್ ಮಾಮನ ಅಂಗಡಿಯಲ್ಲಿ ಸುಟ್ಟ ವಾರ್ನಿಷಿನ ವಾಸನೆ. ಮಾಮ ಒಂದು ಪಂಪಿನ ಮೋಟಾರಿಗೆ ತಾಮ್ರದ ತಂತಿಯ ಸುರುಳಿ ಸುತ್ತುತ್ತಿದ್ದ. ಹೆಬ್ಬೆರಳು ತಂತಿಯನ್ನು ಒತ್ತಿ ಒಂದರ ಮಗ್ಗುಲಿಗೆ ಒಂದು, ಕೂದಲೆಳೆ ಸಂದೂ ಬಿಡದೆ ಕೂರಿಸುತ್ತಿತ್ತು. ಒಂದು ಪದರ ಮುಗಿದ ಮೇಲೆ ಅದರ ಮೇಲೆ ಇನ್ನೊಂದು. ತಲೆ ಎತ್ತದೆಯೇ ಅವನು ಕೇಳಿದ್ದು ಒಂದೇ ಮಾತು: "ಅವನು ಊಟ ಮಾಡಿದನಾ?"

"ಗಂಜಿ ಕುಡಿದಿದ್ದಾರಂತೆ. ನೀವು ನೋಡೋಕೆ ಹೋಗಲಿಲ್ವಾ?" ಎಂದಳು ನೂಲಮ್ಮ.

"ಕೆಲಸ ಜಾಸ್ತಿ." ತಂತಿ ನಿಂತಿತು. "ಮೀನಿಗೆ ಏನೂ ಆಗಿಲ್ಲ. ನಾನೇ ನೋಡಿದೆ. ಬಾಲ ಬಡಿದು ಹೋಯ್ತು."

ಗೋಡೆಯ ಮೇಲೆ ಸಾಲಾಗಿ ಹದಿನೈದು ಫೋಟೋಗಳಿದ್ದವು. ಪ್ರತಿ ವರ್ಷ ಫೋಟೋದಣ್ಣನೇ ತೆಗೆದುಕೊಟ್ಟವು. ಅದೇ ದೋಣಿ, ಅದೇ ಇಬ್ಬರು, ಇಬ್ಬರ ತಲೆಗೂದಲು ಮಾತ್ರ ವರ್ಷ ವರ್ಷ ಬೆಳ್ಳಗಾಗುತ್ತ ಹೋಗಿತ್ತು. ಫೋಟೋದಣ್ಣ ಅವುಗಳನ್ನು ನೋಡುತ್ತ ನಿಂತ. ತನ್ನ ಬಳಿ ನೂಲಮ್ಮನ ಒಂದೇ ಒಂದು ಫೋಟೋ ಇಲ್ಲ ಎಂದು ಅವನಿಗೆ ಹೊಳೆದದ್ದು ಆಗಲೇ.

ಮನೆಗೆ ಬಂದು ನೂಲಮ್ಮ ರೀಲಿನ ದಾರವನ್ನು ನಿಧಾನವಾಗಿ ಬಿಚ್ಚತೊಡಗಿದಳು. ಮೇಲಿನ ನಲವತ್ತು ಗಜ ಅಡ್ಡಾದಿಡ್ಡಿಯಾಗಿತ್ತು. ಭಾನುವಾರ ಬಡಗಿ ಎಸೆದು ಎಳೆದುಕೊಂಡ ಭಾಗ ಅದು. ಅದರ ಕೆಳಗಿನದು ಬೇರೆಯಾಗಿತ್ತು. ಸುತ್ತುಗಳು ಒಂದರ ಮಗ್ಗುಲಿಗೆ ಒಂದು ಒತ್ತೊತ್ತಾಗಿ, ಹಾಸಿ ಇಸ್ತ್ರಿ ಮಾಡಿದ ಹಾಗೆ ಕೂತಿದ್ದವು.

"ಎಷ್ಟು ಚಂದ ಸುತ್ತಿದ್ದಾರೆ," ಎಂದ ಫೋಟೋದಣ್ಣ.

"ಹೌದು, ತುಂಬಾ ಚಂದ," ಎಂದು ನೂಲಮ್ಮ ರೀಲು ಕೆಳಗಿಟ್ಟಳು. ಅವಳ ಮುಖದಲ್ಲಿ ಗೆಲುವಿರಲಿಲ್ಲ. "ಇದರ ಫೋಟೋ ತೆಗೀರಿ. ನಾಳೆ ಮಧ್ಯಾಹ್ನ ಎಲ್ಲರೂ ಬಡಗಿ ಮನೆಗೆ ಬರಲಿ."

ಮರುದಿನ ಮಧ್ಯಾಹ್ನ ಬಡಗಿಯ ಕೆಲಸದ ಕೋಣೆಯಲ್ಲಿ ಎಲ್ಲರೂ ಸೇರಿದರು. ಮಗಳು ತಂದೆಯನ್ನು ತೋಳು ಹಿಡಿದು ಕರೆತಂದು ಸ್ಟೂಲಿನ ಮೇಲೆ ಕೂರಿಸಿದಳು. ಗಂಟು ಕಟ್ಟಿದ ಉಳಿ ಗರಗಸಗಳು ಮೂಲೆಯಲ್ಲಿದ್ದವು. ಅಕ್ಕ ಬಾಗಿಲ ಬಳಿ ನಿಂತಳು, ಮೇಷ್ಟ್ರು ಮರದ ತುಂಡಿನ ಮೇಲೆ ಕೂತರು. ಮೋಟಾರ್ ಮಾಮ ಎಲ್ಲರಿಗಿಂತ ಹಿಂದೆ ನಿಂತಿದ್ದ.

"ಯಜಮಾನರೇ, ಒಂದು ಕೆಲಸ ಮಾಡಿಕೊಡಿ," ಎಂದು ನೂಲಮ್ಮ ರೀಲಿದ್ದ ಕೋಲನ್ನು ಬಡಗಿಯ ಕೈಗಿಟ್ಟಳು. ದಾರದ ತುದಿಯನ್ನು ಕೆಲಸದ ಮೇಜಿನಲ್ಲಿ ಮರ ಬಿಗಿದು ಹಿಡಿಯುವ ಇಕ್ಕಳಕ್ಕೆ ಕಟ್ಟಿದಳು. ಬಿಗಿ ತಿರುಪನ್ನು ಪೂರ್ತಿ ತಿರುಗಿಸಿದಳು. ಆಮೇಲೆ ಸೀಮೆಸುಣ್ಣ ತೆಗೆದುಕೊಂಡು ರೀಲಿನ ಮಗ್ಗುಲಿನಲ್ಲಿ, ಉರುಳೆಯ ಅಂಚಿನ ಮೇಲೂ ದಾರದ ಮೇಲೂ ಹಾಯುವಂತೆ ಒಂದೇ ನೇರ ಗೆರೆ ಎಳೆದಳು. "ಈಗ ದೊರೆಸಾನಿ ಕಚ್ಚಿದೆ ಅಂದ್ಕೊಳ್ಳಿ. ಎಳೀರಿ."

"ಈ ಕೈಯಲ್ಲಿ ಏನಿದೆಯಮ್ಮ," ಎಂದ ಬಡಗಿ. ಆದರೂ ಎಳೆದ. ಕೋಲು ಬಾಗಿತು. ದಾರ ಸರಸರನೆ ಹೊರಗೆ ಹರಿಯಿತು.

"ನೋಡಿದಿರಾ? ಹೀಗೇ ಆಯ್ತು."

"ಗೆರೆ ನೋಡಿ," ಎಂದಳು ನೂಲಮ್ಮ.

ಉರುಳೆಯ ಅಂಚಿನ ಮೇಲಿನ ಸೀಮೆಸುಣ್ಣ ಇದ್ದಲ್ಲೇ ಇತ್ತು. ದಾರದ ಮೇಲಿನದು ತಿರುಗಿ ಇನ್ನೊಂದು ಬದಿಗೆ ಹೋಗಿತ್ತು.

"ಉರುಳೆ ಅಲುಗಿಲ್ಲ. ನಿಮ್ಮ ಕೈ ಅದನ್ನ ಬಿಗಿಯಾಗೇ ಹಿಡಿದಿತ್ತು. ದಾರದ ಇಡೀ ಗಡ್ಡೆಯೇ ಲೋಹದ ಮೇಲೆ ಜಾರಿ ತಿರುಗಿತು. ಭಾನುವಾರ ನೀವು ರೀಲು ತಿರುಗಿಸಿದಾಗ ಉರುಳೆ ತಿರುಗ್ತು, ದಾರ ನಿಂತಲ್ಲೇ ಇತ್ತು. ಹತ್ತು ಜನ ಪೈಲ್ವಾನರು ಬಂದಿದ್ರೂ ಆ ಮೀನು ಸಿಗ್ತಿರಲಿಲ್ಲ. ನಿಮ್ಮ ಕೈಗೆ ಏನೂ ಆಗಿಲ್ಲ ಯಜಮಾನರೇ."

ಬಡಗಿ ತನ್ನ ಎರಡು ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. ಮಗಳು ಬಾಯಿಗೆ ಸೆರಗು ಒತ್ತಿಕೊಂಡಳು.

"ಹಾಗಾದ್ರೆ ಅಡಿಯಲ್ಲಿ ನೈಲಾನ್ ಇಲ್ಲ," ಎಂದಳು ಅಕ್ಕ, ಬಣ್ಣಗೆಟ್ಟು. "ಆದ್ರೆ ನಾನು ಹಾಕಿದ್ದೆ."

"ಹೌದು, ನೀನು ಹಾಕಿದ್ದೆ," ಎಂದಳು ನೂಲಮ್ಮ. "ಫೋಟೋದವರ ಚಿತ್ರದಲ್ಲಿ ದಾರ ಅಂಚಿನವರೆಗೂ ಇದೆ, ಈಗ ಅರ್ಧ ಬೆರಳು ಕೆಳಗಿದೆ. ಆ ಅರ್ಧ ಬೆರಳೇ ನಿನ್ನ ನೈಲಾನ್. ಶನಿವಾರ ಸಂಜೆ ಯಾರೋ ದಾರ ಪೂರ್ತಿ ಬಿಚ್ಚಿ, ನೈಲಾನ್ ತೆಗೆದು, ದಾರವನ್ನ ಬರೀ ಲೋಹದ ಮೇಲೆ ವಾಪಸ್ ಸುತ್ತಿದ್ದಾರೆ. ಯಜಮಾನರ ಕಣ್ಣಿಗೆ ಪೊರೆ ಬಂದಿದೆ, ಅರ್ಧ ಬೆರಳಿನ ವ್ಯತ್ಯಾಸ ಅವರಿಗೆ ತಿಳಿಯಲ್ಲ ಅಂತ ಹಾಗೆ ಮಾಡಿದವರಿಗೆ ಗೊತ್ತಿತ್ತು. ಇನ್ನೊಂದು ಮಾತು. ಮೀನು ತಪ್ಪಿಸ್ಕೊಳ್ಳಬೇಕು ಅನ್ನೋದಷ್ಟೇ ಇದ್ದಿದ್ರೆ ಬ್ಲೇಡಿನಲ್ಲಿ ಒಂದು ಗೀರು ಸಾಕಿತ್ತು. ಇವರು ದಾರಕ್ಕೂ ನೋವಾಗದ, ಮೀನಿಗೂ ನೋವಾಗದ ದಾರಿ ಹುಡುಕಿದ್ದಾರೆ. ಇದು ದ್ವೇಷ ಮಾಡೋರ ಕೆಲಸ ಅಲ್ಲ."

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ನಾನೂ ಅವತ್ತು ಅಲ್ಲಿಗೆ ಹೋಗಿದ್ದೆ."

"ನೀವು ಸುತ್ತಿದ್ರೆ ಗೋಜಲಾಗ್ತಿತ್ತು ಮೇಷ್ಟ್ರೇ. ಅಕ್ಕ ಸುತ್ತಿದ್ರೆ ಅಡ್ಡಡ್ಡ ಓರೆಯಾಗಿರ್ತಿತ್ತು. ಇದನ್ನ ನೋಡಿ." ಅವಳು ಫೋಟೋವನ್ನು ಮೇಜಿನ ಮೇಲಿಟ್ಟಳು. "ಒಂದರ ಮಗ್ಗುಲಿಗೆ ಒಂದು, ಪದರದ ಮೇಲೆ ಪದರ. ಗಾಳ ಹಾಕೋರು ಯಾರೂ ಹೀಗೆ ಸುತ್ತಲ್ಲ, ಹೀಗೆ ಸುತ್ತಿದ್ರೆ ದಾರ ಒಳಗಿಳಿಯುತ್ತೆ. ಹೀಗೆ ಸುತ್ತೋದು ತಾಮ್ರದ ತಂತಿಯನ್ನ. ನಲವತ್ತು ವರ್ಷ ಅದನ್ನೇ ಮಾಡಿದ ಕೈ, ಅವಸರದಲ್ಲಿ ಕದ್ದು ಮಾಡಿದ್ರೂ ಹಾಳು ಮಾಡಿ ಸುತ್ತೋಕೆ ಆಗಲ್ಲ."

ಯಾರೂ ಹಿಂದೆ ತಿರುಗಿ ನೋಡಲಿಲ್ಲ. ಮೋಟಾರ್ ಮಾಮನೇ ಮುಂದೆ ಬಂದ. ಜೇಬಿನಿಂದ ನೈಲಾನಿನ ಒಂದು ಸಣ್ಣ ಸುರುಳಿ ತೆಗೆದು ಬಡಗಿಯ ಮುಂದಿಟ್ಟ. ಅದನ್ನೂ ಅಚ್ಚುಕಟ್ಟಾಗಿ ಸುತ್ತಿದ್ದ.

"ಹೆಂಡತಿ ಹೋದ ಮೇಲೆ ನಾನು ವಾರಕ್ಕೆ ಒಂದೇ ದಿನ ಮಾತಾಡೋದು," ಎಂದ. "ಉಳಿದ ದಿನ ಗಿರಾಕಿಗಳ ಹತ್ರ ಆಡೋದು ಮಾತಲ್ಲ. ನೀನು ದೊರೆಸಾನೀನ ಹಿಡಿದ್ರೆ ಮುಂದಿನ ಭಾನುವಾರ ಆ ದೋಣಿಯಲ್ಲಿ ನಾನೊಬ್ಬನೇ. ಇನ್ನೊಂದು ವರ್ಷ ಸಿಗಲಿ ಅಂತ ಮಾಡಿದೆ. ನೀನು ನಿನ್ನ ಕೈಯನ್ನ ಬೈಕೊಳ್ತೀಯ ಅಂತ ನನಗೆ ಹೊಳೀಲಿಲ್ಲ. ಮೂರು ದಿನದಿಂದ ನಿನ್ನ ಬಾಗಿಲ ತನಕ ಬಂದು ಬಂದು ವಾಪಸ್ ಹೋಗಿದ್ದೀನಿ."

ಬಡಗಿ ಆ ಸುರುಳಿಯನ್ನೇ ನೋಡುತ್ತಿದ್ದ. "ಹದಿನೈದು ವರ್ಷ," ಎಂದ. "ಅದರ ಬಾಯಿ ನೋಡಿದೆ ಕಣೋ. ಇಷ್ಟಗಲ ಇತ್ತು."

"ನಾನೂ ನೋಡಿದೆ."

"ಹೋಗ್ಬೇಡ ಅಂತ ಒಂದು ಮಾತು ಹೇಳೋಕೆ ಏನಾಗಿತ್ತು ನಿನಗೆ?"

"ಹೇಳಿದ್ರೆ ಇರ್ತಿದ್ದೆಯಾ?"

ಬಡಗಿ ಮಗಳ ಕಡೆ ನೋಡಿದ. "ಇರ್ತಿರಲಿಲ್ಲ," ಎಂದ. "ಆದ್ರೆ ಹೇಳಿಸ್ಕೊಂಡು ಹೋಗ್ತಿದ್ದೆ."

ಮೋಟಾರ್ ಮಾಮ ಮುಖ ಮುಚ್ಚಿಕೊಂಡು ಅತ್ತ. ಬಡಗಿ ಎದ್ದು, ಅವನನ್ನು ದಾಟಿ ಹೋಗಿ, ಮೂಲೆಯ ಗಂಟು ಬಿಚ್ಚಿ ಉಳಿಗಳನ್ನು ಒಂದೊಂದಾಗಿ ಅವುಗಳ ಜಾಗದಲ್ಲಿಟ್ಟ. ಕೊನೆಯದನ್ನು ಇಟ್ಟ ಮೇಲೆ ಬೆನ್ನು ಹಾಕಿಯೇ ಹೇಳಿದ. "ತಿಂಗಳ ಕೊನೆಗೆ ಹೋಗ್ತೀನಿ. ಮೀನು ಸಿಗಲಿ, ಬಿಡಲಿ. ಅಷ್ಟರೊಳಗೆ ಮೂರು ಭಾನುವಾರ ಇದೆ. ಹುಟ್ಟು ಹಾಕೋಕೆ ಬಾ. ದಾರ ಅಕ್ಕ ಸುತ್ತಲಿ, ನೀನು ಮುಟ್ಟಬೇಡ."

ವಾಪಸ್ ಬರುವಾಗ ಅಂಚೆ ಡಬ್ಬಿಯ ಮುಂದೆ ನೂಲಮ್ಮನ ನಡಿಗೆ ಸ್ವಲ್ಪ ನಿಧಾನವಾಯಿತು. ಫೋಟೋದಣ್ಣ ನೆಲ ನೋಡಿಕೊಂಡು ನಡೆದ.

ಮರುದಿನ ಬೆಳಿಗ್ಗೆ ಹತ್ತಕ್ಕೆ ಅವನು ಮೆಟ್ಟಿಲು ಹತ್ತಿ ಬಂದು, ಕೂರುವ ಮೊದಲೇ ಕಾಗದವನ್ನು ಮೇಜಿನ ಮೇಲಿಟ್ಟ. ಮೂಲೆಗಳು ಮುದುರಿದ್ದವು.

"ಹಾಕಿಲ್ಲ," ಎಂದ. "ಹಾಕಿದ್ದೀನಿ ಅಂತ ಸುಳ್ಳು ಹೇಳಿದೆ."

"ಗೊತ್ತು. ಕಾಗದ ಸಿಕ್ಕಿದ ದಿನವೇ ನನ್ನ ತಂಗಿ ಫೋನ್ ಮಾಡೋಳು. ಅವಳ ಫೋನ್ ಬರಲಿಲ್ಲ. ನಿಮ್ಮ ಕೋಟಿನ ಎಡಗಡೆ ಹತ್ತು ದಿನದಿಂದ ಲಕೋಟೆಯ ಮೂಲೆ ಎದ್ದು ಕಾಣ್ತಿದೆ. ಮೂವತ್ತು ವರ್ಷ ದೋಷ ಹುಡುಕಿದವಳು ನಾನು."

"ಮತ್ತೆ ಯಾಕೆ ಕೇಳಲಿಲ್ಲ?"

ನೂಲಮ್ಮ ಚಹಾ ಸೋಸುತ್ತಿದ್ದಳು. ಅವಳ ಕೈ ನಿಂತಿತು. "ಕೇಳಿದ್ರೆ ನೀವು ಕ್ಷಮೆ ಕೇಳಿ ಅಂಚೆಗೆ ಹಾಕಿಬಿಡ್ತಿದ್ರಿ. ನನಗೆ ಬೇಕಾಗಿದ್ದು ಅದಲ್ಲ."

ರಾತ್ರಿಯೆಲ್ಲ ಫೋಟೋದಣ್ಣ ಒಂದು ದೊಡ್ಡ ಮಾತನ್ನು ಜೋಡಿಸಿಟ್ಟುಕೊಂಡಿದ್ದ. ಹದಿನಾಲ್ಕು ವರ್ಷ, ಸ್ನೇಹ, ತಾನು ಯಾರು ಹೇಳುವುದಕ್ಕೆ, ಆದರೂ, ಎಂದೆಲ್ಲ ಅದರಲ್ಲಿತ್ತು. ಬಾಯಿಗೆ ಬಂದದ್ದು ಒಂದೇ ಪದ.

"ಹೋಗ್ಬೇಡಿ," ಎಂದ.

ನೂಲಮ್ಮ ಅವನನ್ನೇ ನೋಡಿದಳು. ಗಿರಣಿಯಲ್ಲಿ ಥಾನು ನೋಡುವ ಹಾಗೆ, ಈ ಅಂಚಿನಿಂದ ಆ ಅಂಚಿನವರೆಗೆ. ಆಮೇಲೆ ಲಕೋಟೆ ತೆಗೆದುಕೊಂಡು ಎರಡಾಗಿ ಮಡಿಸಿದಳು, ನಾಲ್ಕಾಗಿ ಮಡಿಸಿದಳು, ಬಗ್ಗಿ ಮೇಜಿನ ಗಿಡ್ಡ ಕಾಲಿನ ಅಡಿಗೆ ಸಿಕ್ಕಿಸಿದಳು.

"ತಂಗಿಗೆ ಇವತ್ತು ಬೇರೆ ಕಾಗದ ಬರೀತೀನಿ," ಎಂದಳು. "ಅದನ್ನ ಮಾತ್ರ ನಾನೇ ಅಂಚೆಗೆ ಹಾಕ್ತೀನಿ."

ಅವಳು ಎರಡು ಲೋಟಕ್ಕೂ ಅಂಚಿನವರೆಗೆ ಚಹಾ ಸುರಿದಳು. ಫೋಟೋದಣ್ಣ ಅಭ್ಯಾಸಬಲದಿಂದ ಮೇಜನ್ನು ಹಿಡಿದುಕೊಳ್ಳಲು ಕೈ ಚಾಚಿದ, ಆಮೇಲೆ ಬಿಟ್ಟ. ಒಂದು ಹನಿಯೂ ಚೆಲ್ಲಲಿಲ್ಲ.